ಲಕಾರದ ಒತ್ತು

ನಮ್ಮೂರ ಹೆಸರಿನಿಂದ ಒಂದು ಒತ್ತಕ್ಷರವನ್ನು ಕಿತ್ತು ಹಾಕಿದರೆ ಏನು ಉಳಿಯುತ್ತದೆಂದು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗದಗಿನಿಂದ ಮುಳಗುಂದದ ಕಡೆ ಹೊರಟರೆ ಸಿಗುವ ಮಲ್ಲಸಮುದ್ರ ನನ್ನ ಊರು. ಸಮುದ್ರವೆಂದರೆ ಇಲ್ಲಿ ಕೆರೆ; ಎರೆ ಹೊಲಗಳ ನಾಡಿನಲ್ಲಿ ನೀರು ನಿಂತ ತಗ್ಗಿಗೆ ಹಿಂದಿನವರು ಮನಸ್ಸು ದೊಡ್ಡದು ಮಾಡಿ ಇಟ್ಟ ಹೆಸರು. ಇಂಗ್ಲಿಷಿನಲ್ಲಿ ಬರೆಯುವವರು ಒಂದು ಎಲ್ ಅಕ್ಷರವನ್ನು ನುಂಗಿದರೂ ನಾವು ತಲೆ ಕೆಡಿಸಿಕೊಳ್ಳುವವರಲ್ಲ. ಇಂಗ್ಲಿಷಿನಲ್ಲಿ ನಮ್ಮ ಯಾವ ಊರ ಹೆಸರು ನೆಟ್ಟಗಿದೆ? ಆದರೆ ಕನ್ನಡದಲ್ಲಿ ಆ ಲಕಾರದ ಒತ್ತು ಹೋಗಬಾರದು. ೧೯೯೩ರಲ್ಲಿ ಅದು ಹೋಯಿತು. ಹೋದದ್ದು ನನ್ನ ಕೈಯಿಂದಲೇ, ಅದೂ ನಮ್ಮ ದೊಡ್ಡಪ್ಪನ ಶಿವಗಣಾರಾಧನೆಯ ಕಾರ್ಡಿನಲ್ಲಿ.

ಆ ಒತ್ತು ಎಲ್ಲಿಗೆ ಹೋಯಿತೆಂದು ಹುಡುಕುತ್ತ ಹೋದಾಗ ಕನ್ನಡ ಅಚ್ಚಿನ ಪೌಣೇ ಎರಡು ನೂರು ವರ್ಷದ ಇತಿಹಾಸ ತುಣುಕು ತುಣುಕಾಗಿ ನನಗೆ ತಿಳಿಯಿತು. ಆ ಹುಡುಕಾಟ ಇಲ್ಲದಿದ್ದರೆ ಬಹುಶಃ ನಾನು ಇದನ್ನೆಲ್ಲ ಓದುವ ಗೋಜಿಗೇ ಹೋಗುತ್ತಿರಲಿಲ್ಲ.

ಗದಗು ಮೊದಲಿನಿಂದ ಛಾಪಖಾನೆಗಳ ಊರು. ಕುಮಾರವ್ಯಾಸನ ಹೆಸರಿನೊಂದಿಗೆ ಕೂಡಿಕೊಂಡ ವೀರನಾರಾಯಣನ ಗುಡಿ ಇರುವ ಊರಿನಲ್ಲಿ ಅಕ್ಷರದ ಕಸುಬು ಬೆಳೆದದ್ದು ಆಶ್ಚರ್ಯವೇನಲ್ಲ. ಪುಸ್ತಕ ಅಚ್ಚು ಮಾಡಿ ಮಾರುವ ಮನೆತನಗಳು ಇಲ್ಲಿದ್ದವು. ಲಾರಿಗಳಿಂದ ಹೆಸರಾದ ವಿಜಯ ಸಂಕೇಶ್ವರ ಅವರು ೧೯೫೦ರಲ್ಲಿ ಗದಗಿನಲ್ಲಿ ಹುಟ್ಟಿದ್ದು ಅಂಥ ಒಂದು ಮುದ್ರಣ, ಪ್ರಕಾಶನದ ಮನೆಯಲ್ಲಿ. ೧೯೭೬ರಲ್ಲಿ ಅವರು ಒಂದು ಲಾರಿಯಿಂದ ಸಾಗಾಣಿಕೆ ಶುರು ಮಾಡಿ, ೧೯೯೯ರಲ್ಲಿ ‘ವಿಜಯ ಕರ್ನಾಟಕ’ ಪತ್ರಿಕೆ ಹೊರಡಿಸಿ, ಸುತ್ತಿ ಬಳಸಿ ಮತ್ತೆ ಅಚ್ಚಿನ ಮಸಿಗೇ ಬಂದರು. ನಾನಿದ್ದ ಛಾಪಖಾನೆ ಆ ಲೆಕ್ಕದಲ್ಲಿ ಎಲ್ಲಿಯೂ ಬರುವಂಥದಲ್ಲ. ಎರಡು ಟ್ರೆಡಲ್, ಹಳೆಯದೊಂದು ಸಣ್ಣ ಆಫ್‌ಸೆಟ್, ಮದುವೆ ಕಾರ್ಡು, ಪಾವತಿ ಪುಸ್ತಕ, ಜಾತ್ರೆಯ ಕರಪತ್ರ. ನಾನು ಸೈಕಲ್ಲಿನ ಮೇಲೆ ಊರಿಂದ ದಿನವೂ ಹೋಗಿ ಬರುತ್ತಿದ್ದೆ.

ಅಲ್ಲಿ ಮೊಳೆ ಜೋಡಿಸುತ್ತಿದ್ದವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರ ಮುಂದೆ ಓರೆಯಾಗಿ ನಿಲ್ಲಿಸಿದ ಮರದ ಕೇಸುಗಳು, ಕೇಸಿನ ತುಂಬ ಖಾನೆಗಳು, ಖಾನೆಗೊಂದು ಅಕ್ಷರ. ಇಂಗ್ಲಿಷಿನ ಮೊಳೆ ಜೋಡಿಸುವವನಿಗೆ ದೊಡ್ಡಕ್ಷರ, ಸಣ್ಣಕ್ಷರಗಳ ಎರಡು ಕೇಸು ಸಾಕು. ಕನ್ನಡದವನಿಗೆ ಹಾಗಲ್ಲ. ಮೂವತ್ತನಾಲ್ಕು ವ್ಯಂಜನಗಳು, ಅವುಗಳಲ್ಲಿ ತಲೆಕಟ್ಟಿನವು ಬೇರೆ, ಗುಡಿಸಿನವು ಬೇರೆ, ಅಷ್ಟೇ ಸಂಖ್ಯೆಯ ಒತ್ತುಗಳು, ಕೊಂಬು, ಏತ್ವ, ದೀರ್ಘ, ಅರ್ಕಾವೊತ್ತು. ಕಾಕಾ ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಬರೆಹದ ಮೇಲೆ, ಬಾಯಲ್ಲಿ ಎಲೆ ಅಡಿಕೆ, ಬಲಗೈ ತನ್ನಷ್ಟಕ್ಕೆ ಖಾನೆಯಿಂದ ಖಾನೆಗೆ ಹಾರುತ್ತಿತ್ತು. ಲಕಾರದ ಒತ್ತಿನ ಖಾನೆ ಬೇಗ ಬರಿದಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಎಲ್ಲ, ಇಲ್ಲ, ಅಲ್ಲಿ, ಬೆಲ್ಲ, ಹಳ್ಳಿಯ ಮನೆಮನೆಗೂ ಒಬ್ಬ ಮಲ್ಲಪ್ಪ, ಒಬ್ಬಳು ಮಲ್ಲವ್ವ. ಖಾನೆ ಬರಿದಾದಾಗ ಅಚ್ಚಾದ ಹಳೆಯ ಪುಟ ಒಡೆದು ಮೊಳೆ ಹಂಚಿಕೊಳ್ಳುವ ತನಕ ಹೊಸ ಕೆಲಸ ನಿಲ್ಲುತ್ತಿತ್ತು.

ಯಾವ ಹೊಸ ಯಂತ್ರ ಬಂದರೂ ಕನ್ನಡದ ಒತ್ತಿನ ಹತ್ತಿರ ಬಂದು ಎಡವುತ್ತದೆ ಎಂಬುದು ನನಗೆ ಆಮೇಲೆ ತಿಳಿದ ಸಂಗತಿ. ವಿಲಿಯಂ ಕೇರಿ ೧೮೧೭ರಲ್ಲಿ ಬಂಗಾಲದ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ ಕನ್ನಡ ವ್ಯಾಕರಣವನ್ನು ಕನ್ನಡ ಅಚ್ಚಿನ ಮೊದಲ ಪುಸ್ತಕವೆಂದು ಹೇಳುತ್ತಾರೆ. ಕನ್ನಡ ನೆಲದಿಂದ ಅಷ್ಟು ದೂರದಲ್ಲಿ, ಕನ್ನಡ ಓದಲು ಬಾರದ ಕೈಗಳು ಒಂದೊಂದು ಅಕ್ಷರಕ್ಕೂ ಅಚ್ಚು ಕೊರೆದಿರಬೇಕು. ಮಂಗಳೂರಿನ ಬಾಸೆಲ್ ಮಿಶನ್ನಿನವರು ಜಾಣರು. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಬರೆಯುವುದು ಕೈ. ಕೈಗೆ ಖಾನೆಗಳ ಲೆಕ್ಕವಿಲ್ಲ, ಒತ್ತು ಎಲ್ಲಿ ಬೇಕೋ ಅಲ್ಲಿ ಬೀಳುತ್ತದೆ. ಅದೇ ಮಿಶನ್ನಿನವರು ೧೮೯೪ರಲ್ಲಿ ಕಿಟೆಲ್ಲರ ನಿಘಂಟನ್ನು ಹೊರತರುವ ಹೊತ್ತಿಗೆ ಸೀಸದ ಮೊಳೆಗಳಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಮುಂದೆ ಬೆರಳಚ್ಚು ಯಂತ್ರ ಬಂದಾಗ ಮತ್ತೆ ಹೊಸ ಪೇಚು: ಇರುವ ಕೀಲಿಗಳನ್ನು ಎರಡೆರಡು ಬಾರಿ ಬಳಸಿದರೂ ಗುರುತುಗಳು ತೊಂಬತ್ತರ ಆಸುಪಾಸಿಗೆ ನಿಲ್ಲುತ್ತವೆ. ಸರಕಾರಿ ಕಚೇರಿಯ ಹಳೆಯ ಕಾಗದಗಳಲ್ಲಿ ಒತ್ತುಗಳು ಸಾಲಿನಿಂದ ಜಾರಿ ಬಿದ್ದಂತೆ ಕಾಣುವುದನ್ನು ನೋಡಿದವರಿಗೆ ಆ ಪೇಚು ಗೊತ್ತು.

ಲೇಸರ್ ಪ್ರಿಂಟರ್ ಹುಟ್ಟಿದ್ದು ಝೆರಾಕ್ಸ್ ಕಂಪನಿಯಲ್ಲಿ. ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್ ಅರವತ್ತರ ದಶಕದ ಕೊನೆಯಲ್ಲಿ, ನೆರಳಚ್ಚು ಯಂತ್ರದೊಳಗಿನ ಉರುಳೆಯ ಮೇಲೆ ಕಾಗದದ ಪ್ರತಿಬಿಂಬ ಬೀಳಿಸುವ ಬದಲು ಲೇಸರ್ ಕಿರಣದಿಂದ ನೇರವಾಗಿ ಬರೆದರೆ ಹೇಗೆ ಎಂದು ಯೋಚಿಸಿದ. ಮೇಲಿನವರು ಒಲ್ಲೆ ಅಂದರು. ೧೯೭೧ರಲ್ಲಿ ಅವನು ಕಂಪನಿಯ ಕ್ಯಾಲಿಫೋರ್ನಿಯಾ ಸಂಶೋಧನಾಲಯಕ್ಕೆ ಹೋಗಿ ಅದನ್ನು ಮಾಡಿ ತೋರಿಸಿದ. ೧೯೭೭ರಲ್ಲಿ ಝೆರಾಕ್ಸ್ ಮಾರಿದ ೯೭೦೦ ಯಂತ್ರ ಒಂದು ಕೋಣೆ ತುಂಬುವಂಥದು. ಮೇಜಿನ ಮೇಲೆ ಕೂರುವಂಥದು ಬಂದದ್ದು ೧೯೮೪ರಲ್ಲಿ, ಹ್ಯೂಲೆಟ್ ಪ್ಯಾಕರ್ಡ್‌ನ ಲೇಸರ್‌ಜೆಟ್. ಮರುವರ್ಷ ಆ್ಯಪಲ್‌ನ ಲೇಸರ್‌ರೈಟರ್. ಎರಡರ ಹೊಟ್ಟೆಯೊಳಗೂ ಇದ್ದದ್ದು ಜಪಾನಿನ ಕ್ಯಾನನ್ ಮಾಡಿದ ಒಂದೇ ಜಾತಿಯ ಯಂತ್ರ. ಎರಡೂ ಅಂಗುಲಕ್ಕೆ ೩೦೦ ಚುಕ್ಕಿ ಹಾಕುತ್ತಿದ್ದವು. ವ್ಯತ್ಯಾಸವಿದ್ದದ್ದು ತಲೆಯಲ್ಲಿ. ಲೇಸರ್‌ರೈಟರ್‌ಗೆ ಅಡೋಬಿಯವರ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಗೊತ್ತಿತ್ತು, ಒಂದೂವರೆ ಮೆಗಾಬೈಟ್ ಸ್ಮರಣೆ ಇತ್ತು. ಅಕ್ಷರವನ್ನು ಗೆರೆಗಳಾಗಿ ಹೇಳಿದರೆ ಅದೇ ತುಂಬಿಕೊಂಡು ಬರೆಯುತ್ತಿತ್ತು. ಬೆಲೆ ಮಾತ್ರ ಏಳು ಸಾವಿರ ಡಾಲರಿನ ಹತ್ತಿರ. ಮೊದಲ ಲೇಸರ್‌ಜೆಟ್ಟಿಗೆ ಅದರ ಅರ್ಧ ಬೆಲೆ, ೧೨೮ ಕಿಲೋಬೈಟ್ ಸ್ಮರಣೆ. ಅದಕ್ಕೆ ಅಕ್ಷರಗಳನ್ನು ಕಾರ್ಟ್ರಿಜ್ಜಿನಲ್ಲಿ ತುಂಬಿ ಕೊಡಬೇಕು. ಮರುವರ್ಷ ಬಂದ ಅದರ ತಮ್ಮನಿಗೆ ಕಂಪ್ಯೂಟರಿನಿಂದ ಅಕ್ಷರಗಳನ್ನು ಇಳಿಸಿ ಕೊಡುವ ಅನುಕೂಲವಾಯಿತು. ನಮ್ಮಂಥ ಲಿಪಿಗಳಿಗೆ ಅಲ್ಲಿ ಒಂದು ಕಿಂಡಿ ತೆರೆಯಿತು ಅನ್ನಬೇಕು. ಮಾಡಿದವರು ನಮ್ಮನ್ನು ನೆನೆದು ಮಾಡಿದ್ದಲ್ಲ.

ಆ ಹೊತ್ತಿಗೆ ಇಲ್ಲಿಯೂ ಕೆಲಸ ನಡೆದಿತ್ತು. ಕಾನಪುರದ ಐ.ಐ.ಟಿ.ಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಿದರೆ ಪರದೆಯ ಮೇಲೆ ಭಾರತದ ಲಿಪಿಗಳು ಬರುತ್ತಿದ್ದವು. ಆ ಲಿಪಿಗಳಿಗೆಲ್ಲ ಒಂದೇ ಸಂಕೇತ ಪಟ್ಟಿ ಇರಲಿ ಎಂದು ಇಸ್ಕಿ ಎಂಬ ಮಾನಕ ರೂಪುಗೊಂಡು ೧೯೯೧ರಲ್ಲಿ ಭಾರತೀಯ ಮಾನಕ ಬ್ಯೂರೋದ ಮುದ್ರೆ ಪಡೆಯಿತು. ಬೆಂಗಳೂರಿನ ಸೊನಾಟಾದವರ ‘ಶಬ್ದರತ್ನ’ದಂಥ ಪದಸಂಸ್ಕಾರಕಗಳು ಬಂದವು. ಇವೆಲ್ಲಕ್ಕಿಂತ ಬೇರೆ ದಾರಿಯಲ್ಲಿ ನಡೆದವರು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಟಾಟಾ ಪ್ರೆಸ್, ಮೊನೊಟೈಪ್ ಇಲ್ಲೆಲ್ಲ ದುಡಿದು ಮೊಳೆಯನ್ನೂ ಗಣಕವನ್ನೂ ಎರಡನ್ನೂ ಬಲ್ಲವರಾಗಿದ್ದರು. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡವನ್ನೆಲ್ಲ ಬರೆಯುವ ವಿನ್ಯಾಸ ಅವರದು. ಅದರಲ್ಲಿ ಎಫ್ ಎಂಬ ಕೀಲಿ ಒತ್ತಿನ ಕೀಲಿ. ಎಂ, ಎಲ್, ಎಫ್, ಎಲ್ ಎಂದು ಒತ್ತಿದರೆ ಮಲ್ಲ. ಕಾಕಾಗೆ ಖಾನೆಗಳು ಬೇಕಿದ್ದಲ್ಲಿ ರಾಯರಿಗೆ ನುಡಿಯ ನಿಯಮ ಸಾಕಾಗಿತ್ತು. ಆ ವಿನ್ಯಾಸವನ್ನೂ, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟ ತಂತ್ರಾಂಶವನ್ನೂ ಅವರು ಜನಕ್ಕೆ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರಕಾರ ಒಪ್ಪಿಕೊಂಡ ಕೀಲಿಮಣೆಯ ಬೇರು ಇದೇ.

ಇದಾವುದೂ ನಮಗೆ ಗದಗಿನಲ್ಲಿ ಆಗ ಗೊತ್ತಿರಲಿಲ್ಲ. ಮಾಲಕರು ಒಂದು ಕಂಪ್ಯೂಟರು, ಡಾಸ್‌ನಲ್ಲಿ ಓಡುವ ಒಂದು ಕನ್ನಡ ಪದಸಂಸ್ಕಾರಕ, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ತಂದಿದ್ದರು. ಅದರಲ್ಲಿ ಒಂದು ವರ್ಷ ಪ್ರೂಫು ತೆಗೆದದ್ದಾಯಿತು. ಆಮೇಲೆ ಯಾರೋ ಬಿಟ್ಟುಕೊಟ್ಟ ಲೇಸರ್ ಪ್ರಿಂಟರ್ ಅರ್ಧ ಬೆಲೆಗೆ ಸಿಕ್ಕಿತು. ಹೊದಿಕೆ ತೆಗೆದ ದಿನ ಮಾಲಕರು ಕಾಯಿ ಒಡೆದು ಕುಂಕುಮ ಹಚ್ಚಿದರು. ಅದರಲ್ಲಿ ಮೊದಲು ಅಚ್ಚಾದದ್ದು ಇಂಗ್ಲಿಷಿನಲ್ಲಿ ಒಂದು ಅಂಗಡಿಯ ಲೆಟರ್‌ಹೆಡ್. ಅಕ್ಷರಗಳು ಬೆಣ್ಣೆಯಲ್ಲಿ ಕೊರೆದಂತೆ ಬಂದಿದ್ದವು. ಕಾಕಾ ಕಾಗದವನ್ನು ತಿರುಗಿಸಿ ಹಿಂಭಾಗ ಸವರಿ ನೋಡಿದರು. ಮೊಳೆ ಒತ್ತಿದ ಗುರುತು ಬೆರಳಿಗೆ ಸಿಗಲಿಲ್ಲ. ‘ಒತ್ತಿಲ್ಲ’ ಎಂದರು. ಅವರ ಅರ್ಥ ಬೇರೆ ಇತ್ತು, ಆದರೆ ಆ ಮಾತು ಆಮೇಲೆ ಬಹಳ ಸಲ ನೆನಪಾಯಿತು.

ಮರುವಾರವೇ ದೊಡ್ಡಪ್ಪ ಲಿಂಗೈಕ್ಯರಾದರು. ಮನೆಯಲ್ಲಿ ಕಾರ್ಡಿನ ಕೆಲಸ ನನ್ನ ಪಾಲಿಗೆ ಬಂತು. ನಾನು ಹುರುಪಿನಿಂದ ಹೊಸ ಯಂತ್ರದಲ್ಲೇ ಮಾಡುತ್ತೇನೆಂದೆ. ಡಾಟ್ ಮ್ಯಾಟ್ರಿಕ್ಸಿನಲ್ಲಿ ಪ್ರೂಫು ತೆಗೆದು ಮನೆಗೆ ಒಯ್ದೆ, ಹಿರಿಯರು ಓದಿ ಒಪ್ಪಿದರು, ತಪ್ಪೊಂದೂ ಇರಲಿಲ್ಲ. ಮರುದಿನ ಅದೇ ಕಡತವನ್ನು ಲೇಸರಿನಲ್ಲಿ ಟ್ರೇಸಿಂಗ್ ಕಾಗದದ ಮೇಲೆ ತೆಗೆದು, ಪ್ಲೇಟು ಮಾಡಿ, ಆಫ್‌ಸೆಟ್ಟಿನಲ್ಲಿ ಮುನ್ನೂರು ಕಾರ್ಡು ಹೊಡೆದೆವು. ಪ್ರೂಫು ಒಪ್ಪಿಗೆಯಾಗಿತ್ತಲ್ಲ, ಟ್ರೇಸಿಂಗನ್ನು ಯಾರೂ ಓದಲಿಲ್ಲ. ಒಂದು ಯಂತ್ರದಲ್ಲಿ ಪ್ರೂಫು ನೋಡಿ ಇನ್ನೊಂದು ಯಂತ್ರದಲ್ಲಿ ಅಚ್ಚು ಹಾಕುವಷ್ಟು ಹೆಡ್ಡತನ ಕಾಕಾನ ಕಾಲದಲ್ಲಿ ಸಾಧ್ಯವೇ ಇರಲಿಲ್ಲ. ಪ್ರೂಫು ತೆಗೆದ ಮೊಳೆಗಳಿಂದಲೇ ಅಚ್ಚು ಬೀಳುತ್ತಿತ್ತು.

ಸಂಜೆ ಕಟ್ಟೆಯ ಮೇಲೆ ಕಾರ್ಡಿನ ಕಟ್ಟು ಬಿಚ್ಚಿದೆ. ಓದು ಬಾರದ ದೊಡ್ಡವ್ವನಿಗಾಗಿ ನಮ್ಮ ಶಾಲೆಯ ಮಾಸ್ತರು ಗಟ್ಟಿಯಾಗಿ ಓದತೊಡಗಿದರು. ಶರಣು ಶರಣಾರ್ಥಿ ಮುಗಿಯಿತು. ಮುಂದೆ ದೊಡ್ಡಪ್ಪನ ಹೆಸರು. ಊರ ಹೆಸರಿನಲ್ಲಿದ್ದ ಮಲ್ಲನೇ ಅವರ ಹೆಸರಿನಲ್ಲೂ ಇದ್ದ. ಮಾಸ್ತರು ಅಲ್ಲಿ ನಿಂತರು.

‘ಯಾಕ ನಿಂತ್ರಿ ಮಾಸ್ತರ, ಓದ್ರಿ’ ಎಂದಳು ದೊಡ್ಡವ್ವ.

ಮಾಸ್ತರು ಸರಿಯಾದ ಹೆಸರನ್ನೇ ಓದಿದರು, ಊರ ಹೆಸರನ್ನೂ ಸರಿಯಾಗಿಯೇ ಓದಿದರು, ಆಮೇಲೆ ಕಾರ್ಡನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ನಾನು ನೋಡಿದೆ. ಮುನ್ನೂರರಲ್ಲೂ ಅದೇ. ಬೀಗರ ಕಡೆಯ ಒಬ್ಬ ಹುಡುಗ ಓದಿ ಕಿಸಕ್ಕೆಂದು ನಕ್ಕ. ನಮ್ಮ ಕಾಕಾ ಒಬ್ಬರು, ಇವರು ನಮ್ಮಪ್ಪನ ತಮ್ಮ, ಆ ಹುಡುಗನಿಗೆ ಏನೂ ಅನ್ನಲಿಲ್ಲ. ‘ತಮ್ಮಾ, ಸತ್ತಾವನ ಹೆಸರಪಾ ಇದು. ನಕ್ಕರ ನಮಗ ನಕ್ಕಾರಂತ ಬಿಡಬಹುದು. ಆದರ ಆತ ಎದ್ದು ಬಂದು ತಿದ್ದಾಕ ಬರೂದಿಲ್ಲಲ್ಲ’ ಎಂದು ನನಗೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಕಾರ್ಡಿನ ಕಟ್ಟನ್ನು ಸೈಕಲ್ಲಿಗೆ ಬಿಗಿದು ಗದಗಿಗೆ ವಾಪಸು ಬಂದಾಗ ಕತ್ತಲಾಗಿತ್ತು. ಪರದೆಯ ಮೇಲೆ ನೋಡಿದರೆ ಒತ್ತು ಇದೆ. ಡಾಟ್ ಮ್ಯಾಟ್ರಿಕ್ಸಿನಲ್ಲಿ ತೆಗೆದರೆ ಇದೆ. ಲೇಸರಿನಲ್ಲಿ ಇಲ್ಲ. ಎರಡು ಸಲ, ಮೂರು ಸಲ, ಅದೇ. ಕರೆಂಟು ಬೇರೆ ಹೋಯಿತು. ಮೋಂಬತ್ತಿಯ ಬೆಳಕಿನಲ್ಲಿ ಕಾಕಾ ನನ್ನ ಮುಖ ನೋಡಿದರು, ಕಾರ್ಡು ನೋಡಿದರು. ಏನೂ ಕೇಳದೆ ಸ್ಟಿಕ್ಕು ಕೈಗೆತ್ತಿಕೊಂಡು ಕೇಸಿನ ಮುಂದೆ ನಿಂತರು. ಅರ್ಧ ತಾಸಿನಲ್ಲಿ ಮ್ಯಾಟರು ಚೇಸಿನೊಳಗೆ ಬಿಗಿಯಾಗಿ ಕೂತಿತ್ತು. ಟ್ರೆಡಲ್ಲಿಗೆ ಕರೆಂಟು ಬೇಡ, ಕಾಲು ಸಾಕು. ಊಟದ ಹೊತ್ತಿಗೆ ಮುನ್ನೂರು ಕಾರ್ಡು ಒಣಗಲು ಹರವಿದ್ದವು. ಅಕ್ಷರಗಳು ಲೇಸರಿನಷ್ಟು ನುಣುಪಲ್ಲ, ದೀರ್ಘವೊಂದು ಸವೆದು ಮಸುಕಾಗಿ ಮೂಡಿತ್ತು. ಕಾರ್ಡಿನ ಬೆನ್ನು ಸವರಿದೆ. ಒತ್ತು ಬೆರಳಿಗೆ ತಾಗಿತು.

ಮರ್ಯಾದೆ ಉಳಿಯಿತು, ಆದರೆ ಯಂತ್ರದ ಕಾಯಿಲೆ ಉಳಿದೇ ಇತ್ತು. ತಂತ್ರಾಂಶ ಮಾರಿದವರಿಗೆ ಕಾಗದ ಬರೆದೆವು. ಪ್ರಿಂಟರಿನದೇ ದೋಷ ಎಂದು ಅವರು ಬರೆದರು. ಪ್ರಿಂಟರಿನ ಕಡೆಯವರು ತಂತ್ರಾಂಶದ್ದೇ ದೋಷ ಎಂದರು. ಇಬ್ಬರ ಮಾತೂ ಒಂದು ಲೆಕ್ಕದಲ್ಲಿ ನಿಜವಾಗಿತ್ತು.

ಕೈಪಿಡಿ ಓದಿದಾಗ ಮೊದಲ ಉಪಾಯ ಹೊಳೆಯಿತು: ಅಕ್ಷರಗಳನ್ನು ಅಕ್ಷರಗಳಾಗಿ ಕಳಿಸದೆ ಇಡೀ ಪುಟವನ್ನೇ ಚಿತ್ರವಾಗಿ ಕಳಿಸುವುದು. ಡಾಟ್ ಮ್ಯಾಟ್ರಿಕ್ಸಿಗೆ ತಂತ್ರಾಂಶ ಮಾಡುತ್ತಿದ್ದದ್ದೂ ಅದನ್ನೇ, ಅದಕ್ಕೇ ಅಲ್ಲಿ ಒತ್ತು ಉಳಿದಿತ್ತು. ಸರಿ, ಕಳಿಸಿದೆವು. ಪುಟದ ಮೇಲಿನ ಅರ್ಧ ಒತ್ತಿನ ಸಮೇತ ಸೊಗಸಾಗಿ ಬಂತು. ಕೆಳಗಿನ ಅರ್ಧ ಬೇರೆ ಹಾಳೆಯಲ್ಲಿ ಬಂತು. ಪ್ರಿಂಟರಿನ ಮುಂದಿನ ಸಣ್ಣ ಕಿಟಕಿಯಲ್ಲಿ ದೋಷದ ಸಂಖ್ಯೆಯೊಂದು ಮಿನುಗುತ್ತಿತ್ತು. ಸ್ಮರಣೆ ತುಂಬಿತು ಎಂದು ಅದರ ಅರ್ಥ. ಲೆಕ್ಕ ಹಾಕಿದರೆ ಗೊತ್ತಾಗುವಂಥದೇ. ಎ-ನಾಲ್ಕು ಹಾಳೆ ೩೦೦ ಚುಕ್ಕಿಯ ಲೆಕ್ಕದಲ್ಲಿ ಅಗಲಕ್ಕೆ ೨೪೮೦, ಉದ್ದಕ್ಕೆ ೩೫೦೮ ಚುಕ್ಕಿ. ಒಟ್ಟು ಎಂಬತ್ತೇಳು ಲಕ್ಷ. ಎಂಟು ಚುಕ್ಕಿಗೆ ಒಂದು ಬೈಟಿನಂತೆ ಒಂದು ಮೆಗಾಬೈಟಿಗೂ ತುಸು ಮೇಲೆ. ನಮ್ಮ ಪ್ರಿಂಟರಿನ ಹೊಟ್ಟೆ ಇದ್ದದ್ದು ಅರ್ಧ ಮೆಗಾಬೈಟು. ೧೫೦ ಚುಕ್ಕಿಗೆ ಇಳಿಸಿದರೆ ಕಾಲು ಭಾಗದ ಸ್ಮರಣೆ ಸಾಕು, ಪುಟ ಪೂರ್ತಿ ಬರುತ್ತದೆ, ಆದರೆ ಅಕ್ಷರಗಳಿಗೆ ಗರಗಸದ ಹಲ್ಲು ಮೂಡುತ್ತವೆ. ಅಷ್ಟಕ್ಕೆ ಲೇಸರ್ ಯಾಕೆ ಬೇಕಿತ್ತು? ಹೆಚ್ಚಿನ ಸ್ಮರಣೆಯ ಬೆಲೆ ಕೇಳಿ ಮಾಲಕರು ಮಾತೇ ಬದಲಿಸಿದರು.

ಕಡೆಗೆ ಒಂದು ಮಧ್ಯಾಹ್ನ, ಬೇಸತ್ತು, ಆ ಕನ್ನಡ ಅಕ್ಷರ ಗುಂಪಿನಲ್ಲಿ ಏನೇನಿದೆ ನೋಡಿಯೇ ಬಿಡೋಣವೆಂದು ೩೨ರಿಂದ ೨೫೫ರವರೆಗಿನ ಎಲ್ಲ ಸಂಕೇತಗಳನ್ನೂ ಸಾಲಿಗೆ ಹದಿನಾರರಂತೆ ಲೇಸರಿನಲ್ಲಿ ಅಚ್ಚು ಹಾಕಿದೆ. ಹದಿನಾಲ್ಕು ಸಾಲು ಬರಬೇಕಿತ್ತು. ಕಾಕಾ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

‘ಇದು ಕೇಸ ಅಲ್ಲೇನೋ?’

‘ಹೌದ ಕಾಕಾ, ಒಂಥರಾ ಕೇಸನ.’

‘ಮತ್ತ ನಡಕಿನ ಎರಡು ಸಾಲ ಖಾನಿ ಖಾಲಿ ಯಾಕ ಅದಾವು?’

ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ೧೨೮ರಿಂದ ೧೫೯. ಮೂವತ್ತೆರಡು ಖಾನೆ, ಸ್ವಚ್ಛ ಬಿಳಿ. ಪರದೆಯ ಮೇಲೆ ಅದೇ ಜಾಗದಲ್ಲಿ ಕೊನೆಗುಳಿದ ಒಂದಷ್ಟು ಗುರುತುಗಳು ಕೂತಿದ್ದವು. ಲಕಾರದ ಒತ್ತಿನ ಮನೆ ೧೪೮.

ಆ ಎರಡು ಸಾಲು ಬಿಳಿಯ ಹಿಂದೆ ಇರುವ ಕಥೆ ಇಷ್ಟು. ಕಂಪ್ಯೂಟರಿಗೆ ಅಕ್ಷರವೆಂದರೆ ೦ಯಿಂದ ೨೫೫ರೊಳಗಿನ ಒಂದು ಸಂಖ್ಯೆ. ಮೊದಲ ಮೂವತ್ತೆರಡು ಸಂಖ್ಯೆಗಳು ಅಕ್ಷರಗಳಲ್ಲ, ಆಜ್ಞೆಗಳು: ಸಾಲು ಮುಗಿಸು, ಹಾಳೆ ಹೊರಹಾಕು, ಹೀಗೆ. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳೆಲ್ಲ ೧೨೬ಕ್ಕೆ ಮುಗಿಯುತ್ತವೆ. ಯೂರೋಪಿನ ಉಳಿದ ಭಾಷೆಗಳ ಅಕ್ಷರಗಳಿಗೆ ಮೇಲಿನ ಅರ್ಧವನ್ನು ಹಂಚಿಕೊಟ್ಟ ಅಂತರರಾಷ್ಟ್ರೀಯ ಮಾನಕದವರು ಕೆಳಗಿನದರ ಪಡಿಯಚ್ಚಿನಂತೆ ಮೇಲೆಯೂ ಮೂವತ್ತೆರಡು ಸಂಖ್ಯೆಗಳನ್ನು ಆಜ್ಞೆಗಳಿಗೆಂದು ಕಾಯ್ದಿಟ್ಟರು. ಆ ಮಾನಕ ಪಾಲಿಸುವ ಪ್ರಿಂಟರಿನ ಲೆಕ್ಕದಲ್ಲಿ ಅಚ್ಚಾಗುವ ಖಾನೆಗಳು ೧೯೨ ಮಾತ್ರ. ಫ್ರೆಂಚರಿಗೂ ಜರ್ಮನರಿಗೂ ಅಷ್ಟು ಧಾರಾಳವಾಯಿತು. ನಾವು ಎಣಿಸೋಣ: ತಲೆಕಟ್ಟಿಲ್ಲದ ವ್ಯಂಜನ ಮೂವತ್ತನಾಲ್ಕು, ಗುಡಿಸಿನವು ಮೂವತ್ತನಾಲ್ಕು, ಒತ್ತು ಮೂವತ್ತನಾಲ್ಕು, ಅಲ್ಲಿಗೆ ನೂರೆರಡು. ಸ್ವರಗಳು, ಗುಣಿತದ ತುಣುಕುಗಳು, ಅಂಕಿಗಳು, ವಿರಾಮ ಚಿಹ್ನೆಗಳು ಸೇರಿದರೆ ಒಂದೂವರೆ ನೂರು ದಾಟುತ್ತದೆ. ಇಂಗ್ಲಿಷೂ ಅದೇ ಕೇಸಿನಲ್ಲಿ ಇರಲಿ ಎಂದರೆ ಜಾಗ ಸಾಲುವುದೇ ಇಲ್ಲ. ನಮ್ಮ ಅಕ್ಷರ ಗುಂಪು ಮಾಡಿದಾತ ಕೊನೆಗೆ ಉಳಿದವರನ್ನು ಖಾಲಿ ಕಂಡ ಎರಡು ಸಾಲಿಗೆ ತುಂಬಿಸಿದ್ದ. ಪರದೆ ಒಪ್ಪಿತು. ಪ್ರಿಂಟರು ಆ ಸಂಖ್ಯೆ ಬಂದಾಗ ಮಾತಾಡದೆ ನುಂಗಿತು.

‘ಆ ಖಾನ್ಯಾ ಸೋರತೈತಿ ಅಂದ್ರ ಮೊಳಿ ತಗದು ಬ್ಯಾರೆ ಖಾನ್ಯಾಗ ಹಾಕು’ ಎಂದರು ಕಾಕಾ. ಹಳೆಯ ಕೇಸುಗಳ ತಳ ಬಿರುಕು ಬಿಟ್ಟಾಗ ಅವರು ಮಾಡುತ್ತಿದ್ದದ್ದು ಅದು.

ಹಾಗೇ ಮಾಡಿದೆ. ಪ್ರಿಂಟರಿಗೆ ಇಳಿಸುವ ಅಕ್ಷರಗಳ ಕಡತದಲ್ಲಿ ಪ್ರತಿ ಅಕ್ಷರದ ಮುಂದೆ ಅದರ ಖಾನೆಯ ಸಂಖ್ಯೆ ಬರೆದಿರುತ್ತದೆ. ಕಡತವನ್ನು ತೆರೆದು, ೧೪೮ ಎಂದಿದ್ದಲ್ಲಿ ಬಳಕೆಯಲ್ಲಿಲ್ಲದ ೨೩೦ ಎಂದು ತಿದ್ದಿದೆ. ಎರಡೂ ಮೂರಂಕಿಯವಾದ್ದರಿಂದ ಕಡತದ ಅಳತೆ ಕೆಡಲಿಲ್ಲ. ತಂತ್ರಾಂಶದ ಪ್ರಿಂಟರ್ ಕೋಷ್ಟಕದಲ್ಲಿ, ೧೪೮ ಬಂದರೆ ೨೩೦ ಕಳಿಸು ಎಂದು ಒಂದು ಸಾಲು ಸೇರಿಸಿದೆ. ಉಳಿದವಕ್ಕೂ ಹೀಗೆಯೇ ಮನೆ ಬದಲಿಸಿದೆ. ಆಮೇಲೆ ಊರ ಹೆಸರನ್ನು ಒಂದು ಹಾಳೆ ತುಂಬ ಅಚ್ಚು ಹಾಕಿದೆ. ಮಲ್ಲಸಮುದ್ರ, ಮಲ್ಲಸಮುದ್ರ, ಮಲ್ಲಸಮುದ್ರ. ಮಾಲಕರು ಟೋನರು ಹಾಳಾಯಿತೆಂದು ಗೊಣಗಿದರು.

ವರ್ಷ ಕಳೆದ ಮೇಲೆ ಒಂದು ಕೈಪಿಡಿಯಲ್ಲಿ ಓದಿದೆ: ಅಕ್ಷರ ಗುಂಪಿನ ತಲೆಬರಹದಲ್ಲಿ ಅದು ಯಾವ ಜಾತಿಯದೆಂದು ಹೇಳುವ ಒಂದು ಅಂಕಿ ಇರುತ್ತದೆ. ೧ ಎಂದಿದ್ದರೆ ಆ ಮೂವತ್ತೆರಡು ಖಾನೆಗಳಿಗೆ ಬೀಗ. ೨ ಎಂದಿದ್ದರೆ ಬೀಗವಿಲ್ಲ. ಅದೊಂದು ಅಂಕಿ ತಿದ್ದಿದ್ದರೆ ಸಾಕಿತ್ತು. ಕಾಕಾಗೆ ಹೇಳಿದೆ. ‘ಮೊದಲ ಹೇಳಬಾರದೇನು ಆ ಮಾರಾಯಗ’ ಎಂದು ನಕ್ಕರು.

ಡಾಸ್ ಹೋಗಿ ವಿಂಡೋಸ್ ಬಂದ ಮೇಲೂ ಈ ಖಾನೆಗಳ ಕಾಟ ಬಿಡಲಿಲ್ಲ, ರೂಪ ಬದಲಿಸಿತು. ಕನ್ನಡವೆಂಬುದು ಒಳಗೆ ಇಂಗ್ಲಿಷಿನ ಸಂಖ್ಯೆಗಳೇ ಆಗಿದ್ದರಿಂದ ವರ್ಡ್ ತಂತ್ರಾಂಶ ಅದನ್ನು ಇಂಗ್ಲಿಷೆಂದೇ ತಿಳಿದು, ವಾಕ್ಯದ ಮೊದಲಕ್ಷರ ಸಣ್ಣದಿದೆಯೆಂದು ದೊಡ್ಡದು ಮಾಡುತ್ತಿತ್ತು; ಕನ್ನಡದಲ್ಲಿ ಅದು ಬೇರೆಯೇ ಅಕ್ಷರವಾಗುತ್ತಿತ್ತು. ಮೊದಲು ಆ ತಿದ್ದುಪಡಿಯ ಚಾಳಿ ಬಿಡಿಸುವುದು ಡಿ.ಟಿ.ಪಿ. ಹುಡುಗರು ಕಲಿಯುವ ಮೊದಲ ಪಾಠವಾಯಿತು. ಒಂದೊಂದು ಕಂಪನಿಯ ಅಕ್ಷರ ಗುಂಪಿನಲ್ಲಿ ಒಂದೊಂದು ಖಾನೆಯ ಹಂಚಿಕೆ. ಶ್ರೀಲಿಪಿಯಲ್ಲಿ ಬರೆದದ್ದು ಆಕೃತಿಯಲ್ಲಿ ತೆರೆದರೆ ಬ್ರಹ್ಮಲಿಪಿ. ೧೯೯೮ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಿಟ್ಟಿಯಾಗಿ ಕೈಗೆ ಸಿಕ್ಕಿತು. ಈ ಅರಾಜಕತೆ ಕೊನೆಗಾಣಬೇಕೆಂದು ದುಡಿದ ಕನ್ನಡ ಗಣಕ ಪರಿಷತ್ತಿನ ತಂತ್ರಾಂಶ ‘ನುಡಿ’ಯಾಗಿ ಸರಕಾರದ ಮೂಲಕ ಬಂತು. ಆ ಹಂಚಿಕೆಯಲ್ಲಿ ಕನ್ನಡ ಎಂಬ ಪದ ಒಳಗೆ ಹೇಗಿರುತ್ತದೆಂದರೆ, ಮೊದಲು ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೆ ಗೀರುಳ್ಳ ಎ, ಆಮೇಲೆ ಪೌಂಡ್ ನಾಣ್ಯದ ಗುರುತು! ಅಕ್ಷರ ಗುಂಪು ಇಲ್ಲದ ಗಣಕದಲ್ಲಿ ತೆರೆದರೆ ನಮ್ಮ ಹೆಮ್ಮೆಯ ನುಡಿ ಲಂಡನ್ನಿನ ಬಡ್ಡಿ ವ್ಯಾಪಾರಿಯ ಖಾತೆಯಂತೆ ಕಾಣುತ್ತಿತ್ತು.

ಯುನಿಕೋಡ್ ಈ ಖಾನೆಗಳ ಜಗಳವನ್ನು ಬೇರೆ ರೀತಿಯಲ್ಲಿ ಬಿಡಿಸಿತು. ಅದರ ೧೯೯೧ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗವಿತ್ತು. ನಾವು ಗದಗಿನಲ್ಲಿ ಒತ್ತು ಕಳೆದುಕೊಂಡು ಕೂತಿದ್ದಾಗ ಅದು ಕಾಗದದ ಮೇಲೆ ಸಿದ್ಧವಾಗಿತ್ತು ಎಂದು ನೆನೆದರೆ ಒಂಥರಾ ಅನ್ನಿಸುತ್ತದೆ. ಅದರಲ್ಲಿ ಲಕಾರದ ಒತ್ತಿಗೆ ಖಾನೆಯೇ ಇಲ್ಲ. ಲ, ಅದರ ಸ್ವರ ಕೊಲ್ಲುವ ಒಂದು ಚಿಹ್ನೆ, ಮತ್ತೆ ಲ, ಇಷ್ಟನ್ನೇ ಬರೆದಿಡುವುದು. ಒತ್ತಿನ ಆಕಾರ ಮೂಡಿಸುವ ಹೊಣೆ ತೋರಿಸುವ ಹೊತ್ತಿನ ಅಕ್ಷರ ಗುಂಪಿನದು. ಕೆ.ಪಿ. ರಾಯರ ಎಫ್ ಕೀಲಿಯ ಹಿಂದಿನ ತರ್ಕವೂ ಇದೇ. ೨೦೦೧ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಅಕ್ಷರ ಗುಂಪಿನೊಂದಿಗೆ ಬಂದಾಗ ಇದು ನಮ್ಮಂಥವರ ಮೇಜಿಗೂ ಇಳಿಯಿತು. ಆದರೆ ಛಾಪಖಾನೆಗಳು ಹಟಮಾರಿ. ೨೦೦೧ಕ್ಕೇ ಬೆಳವಣಿಗೆ ನಿಂತ ಪೇಜ್‌ಮೇಕರನ್ನು, ಅದರೊಂದಿಗೆ ಹಳೆಯ ಅಕ್ಷರ ಗುಂಪುಗಳನ್ನು, ವರ್ಷಾನುಗಟ್ಟಲೆ ಬಿಡಲಿಲ್ಲ. ಅದರಲ್ಲಿ ಅಚ್ಚು ನೆಟ್ಟಗೆ ಬರುತ್ತದೆ ಎಂಬುದು ಒಂದೇ ಕಾರಣ. ಒಮ್ಮೆ ಒತ್ತು ಕಳೆದುಕೊಂಡವನಾಗಿ ನಾನು ಅವರನ್ನು ಬೈಯಲಾರೆ.

ಕಾಕಾ ೧೯೯೬ರಲ್ಲಿ ಕೆಲಸ ಬಿಟ್ಟರು. ಅವರು ಬಿಟ್ಟರೋ, ಕೆಲಸ ಅವರನ್ನು ಬಿಟ್ಟಿತೋ. ಮೊಳೆಗಳನ್ನು ಮಾಲಕರು ಸೀಸದ ಭಾವಕ್ಕೆ ತೂಗಿ ಹಾಕಿದರು. ತಕ್ಕಡಿಗೆ ಸುರಿಯುವಾಗ ಯಾವ ಖಾನೆಯದು ಯಾವುದೆಂದು ನೋಡುವವರಿರಲಿಲ್ಲ. ಮರು ವರ್ಷ ಗದಗು ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಹಳೆಯ ಲೆಟರ್‌ಹೆಡ್ಡುಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕುವ ಕೆಲಸ ನಮಗೆ ತಿಂಗಳುಗಟ್ಟಲೆ ಸಿಕ್ಕಿತು. ಈಗ ನಮ್ಮೂರ ಕಡೆ ವೈದ್ಯಕೀಯ ವಿದ್ಯಾಲಯ ಎದ್ದಿದೆ, ಫಲಕಗಳ ಮೇಲೆ ಊರ ಹೆಸರು ಇದೆ. ಬಸ್ಸಿನಿಂದ ಇಳಿದಾಗಲೆಲ್ಲ ನಾನು ಮೊದಲು ನೋಡುವುದು ಲಕಾರದ ಕೆಳಗೆ.

ಕಾಕಾ ಬಿಟ್ಟು ಹೋಗುವ ದಿನ ಒಂದು ಕಾಗದದ ಪೊಟ್ಟಣ ಕೊಟ್ಟರು. ಬಿಚ್ಚಿದರೆ ಆರೇಳು ಲಕಾರದ ಒತ್ತುಗಳು, ಮಸಿ ಮೆತ್ತಿದವು. ‘ಇಟಗೋ, ಮತ್ತ ಕಡಿಮಿ ಬಿದ್ದಾವು’ ಎಂದರು. ಮೇಜಿನ ಖಾನೆಯಲ್ಲಿ ಇವೆ.